ಸುಗಂಧಾ ಮೌಶಿಯ ಪಂಕ್ತಿ

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ. ಚಿಂಚವಾಡಿಯ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನವೂ ಅದೇ ಆಗಿತ್ತು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ತೊಗರಿ ಹೊಲಗಳ ನಡುವೆ ಎರಡು ಕಿಲೋಮೀಟರ್ ನಡೆದರೆ ಸಿಗುವ ಊರು ಚಿಂಚವಾಡಿ. ದೀಪಾಲಿ ಹುಲಸೂರಿನಿಂದ ಈ ಊರಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಅಂಗನವಾಡಿಗೆ ಕಾರ್ಯಕರ್ತೆಯಾಗಿ ಸೇರಿ ಮೂರು ವಾರವಷ್ಟೇ. ತೂಕದ ಯಂತ್ರ ಒರೆಸಿ, ಸಮತಟ್ಟಾದ ನೆಲ ಹುಡುಕಿ ಇಟ್ಟು, ಫೋನು, ರಿಜಿಸ್ಟರು, ಪೆನ್ನು ಎಲ್ಲವನ್ನೂ ಓರಣವಾಗಿ ಜೋಡಿಸಿಕೊಂಡು ಕೂತಿದ್ದಳು. ಹೊಸ ಕೆಲಸದ ಹುರುಪು.

ಹೊರಗೆ ನಲ್ಲಿಯ ಹತ್ತಿರ ಸಹಾಯಕಿ ಸುಗಂಧಾ ಮಕ್ಕಳ ಕೈ ತೊಳೆಯುತ್ತಿದ್ದಳು. ಅಂಗನವಾಡಿಯಲ್ಲಿ ಅಡುಗೆ ಮಾಡುವುದು, ಬಡಿಸುವುದು, ಮಕ್ಕಳನ್ನು ಮನೆಯಿಂದ ಕರೆತರುವುದು ಎಲ್ಲ ಅವಳದೇ. ಊರಿನ ಚಿಕ್ಕವರೆಲ್ಲ ಅವಳನ್ನು ಮೌಶಿ ಎಂದು ಕರೆಯುತ್ತಿದ್ದರು. ಈ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ದೀಪಾಲಿಯೂ ಹಾಗೆಯೇ ಕರೆಯುತ್ತಿದ್ದಳು.

ಸಾಲಿನಲ್ಲಿ ಪಂಡರಿ ಎಂಬ ಹುಡುಗನ ಸರದಿ ಬಂತು. ಮೂರೂವರೆ ವರ್ಷದವನು. ಸುಗಂಧಾ ಅವನ ಅಂಗೈ ಉಜ್ಜಿ, ಮೊಣಕೈವರೆಗೆ ನೀರು ಹಾಕಿ, ತೋಳು ಹಿಡಿದವಳು ಅಲ್ಲಿಗೇ ನಿಂತಳು. ಹೆಬ್ಬೆರಳು ಮತ್ತು ನಡುಬೆರಳನ್ನು ತೋಳಿನ ಸುತ್ತ ತಂದು ಸಣ್ಣಗೆ ಒತ್ತಿ ನೋಡಿದಳು.

"ಟೀಚರ್, ಇವ ಇಳದಾನ ನೋಡ್ರಿ. ಹೋದ ತಿಂಗಳಕಿಂತ ಇಳದಾನ."

ದೀಪಾಲಿ ನಕ್ಕು, "ಬರ್ಲಿ ಮೌಶಿ, ಮಷಿನ್ ಹೇಳ್ತದ" ಎಂದಳು.

ಯಂತ್ರ ಹನ್ನೊಂದು ಕಿಲೋ ತೋರಿಸಿತು. ಹಿಂದಿನ ತಿಂಗಳ ಪುಟದಲ್ಲಿ ಹನ್ನೊಂದು ಕಿಲೋ ನಾನೂರು ಗ್ರಾಂ ಎಂದಿತ್ತು. ದೀಪಾಲಿ ಹುಡುಗನನ್ನು ಇಳಿಸಿ, ಸೊನ್ನೆ ಬರುವ ತನಕ ಕಾದು, ಮತ್ತೆ ಹತ್ತಿಸಿದಳು. ಮತ್ತೆ ಹನ್ನೊಂದೇ. ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಕಟ್ಟಿದರೆ ಗುರುತು ಹಳದಿಯಲ್ಲಿ ನಿಂತಿತು. ಇನ್ನು ಸ್ವಲ್ಪ ಇಳಿದರೆ ಕೆಂಪು.

"ನಿಮಗ ಹ್ಯಾಂಗ ಗೊತ್ತಾತ್ರಿ?"

"ಹ್ಯಾಂಗ ಅಂದ್ರ? ದಿನಾ ಎರಡು ಸಲ ಇಪ್ಪತ್ತೊಂಬತ್ತು ಹುಡುಗರ ಕೈ ತೊಳೀತೇನಿ. ಇಪ್ಪತ್ತೇಳು ವರ್ಷ ಆತು. ಗೊತ್ತಾಗಲಾರದ ಏನು ಮಾಡ್ತದ?" ಎಂದು ಸುಗಂಧಾ ಮುಂದಿನ ಹುಡುಗಿಯ ಕೈಗೆ ನೀರು ಹಾಕಿದಳು.

ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲವೆಂಬಂತೆ ಆ ಮಾತು ಬಂದಿತ್ತು. ದೀಪಾಲಿ ಮಾತ್ರ ರಿಜಿಸ್ಟರಿನ ಎರಡೂ ಅಂಕಿಗಳನ್ನು ಮತ್ತೆ ನೋಡಿದಳು. ನಾನೂರು ಗ್ರಾಂ ಎಂದರೆ ಎರಡು ಬೊಗಸೆ ಅಕ್ಕಿ ಹೆಚ್ಚುಕಡಿಮೆ. ಅದನ್ನು ಎರಡು ಬೆರಳು ಹಿಡಿದುಬಿಟ್ಟಿದ್ದವು.

ಸುಗಂಧಾಗೆ ಐವತ್ತೇಳು ವರ್ಷ. ಕುಳ್ಳು ಆಳು, ಗಟ್ಟಿ ದನಿ. ಓದಿದ್ದು ಮೂರನೆಯ ಇಯತ್ತೆ. ಬಸವಕಲ್ಯಾಣದ ಹತ್ತಿರದ ಹಳ್ಳಿಯ, ಬೌದ್ಧರಾದ ದಲಿತ ಮನೆತನದ ಹೆಣ್ಣುಮಗಳು. ಹದಿನೇಳಕ್ಕೆ ಇಲ್ಲಿಗೆ ಮದುವೆಯಾಗಿ ಬಂದು ಹೊಲದ ಕೂಲಿ ಮಾಡಿದವಳು. ಗಂಡ ಧಮ್ಮಪಾಲ ಹುಮನಾಬಾದಿನ ಧಾನ್ಯದ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವಳು ಬಣ್ಣದ ಸೀರೆಯನ್ನೇ ಉಡುವಳು, ಅದರ ಮೇಲೆ ಅರಿಶಿನದ ಹನಿ ಸಿಡಿದರೆ ಇಡೀ ದಿನ ಗೊಣಗುವಳು. ಗ್ಯಾಸಿನ ಗಾಡಿಯವನ ಜೊತೆ ಪ್ರತಿ ಸಲವೂ ಜಗಳ. ಮಕ್ಕಳ ಊಟ ಮುಗಿದ ಮೇಲೆ ಗೋಡೆಗೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದಳು. ಆಗ ಮೇಲಧಿಕಾರಿ ಬಂದರೂ ಏಳುತ್ತಿರಲಿಲ್ಲ.

ಪಂಡರಿಯ ವಿಷಯಕ್ಕೆ ಅವಳು ಮೊದಲು ಹೇಳಿದ್ದು ದವಾಖಾನೆಗೆ ಹೋಗುವ ಮಾತನ್ನು. "ಮೈಯಾಗ ಏನಾರ ಬ್ಯಾನಿ ಇದ್ರ ನನ್ನ ಅಡಗಿ ಏನು ಮಾಡ್ತದ? ಮೊದಲ ಡಾಕ್ಟರ್ ನೋಡ್ಲಿ." ಒಂದೆರಡು ಸಲ ಹಾಗೆ ಅವಳೇ ಗುರುತಿಸಿದ ಮಕ್ಕಳನ್ನು ಬೀದರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟು ಉಳಿಸಿಕೊಂಡದ್ದಿತ್ತು. ಪಂಡರಿಗೆ ದೊಡ್ಡ ಬೇನೆ ಏನೂ ಸಿಗಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರು ಜಂತುಹುಳುವಿನ ಮಾತ್ರೆ, ರಕ್ತ ಹೆಚ್ಚಿಸುವ ಸಿರಪ್ಪು ಕೊಟ್ಟು, "ಚೆನ್ನಾಗಿ ಉಣ್ಣಿಸಿ" ಎಂದರು.

ಉಣ್ಣಿಸುವುದೇ ಕಷ್ಟವಿತ್ತು. ಪಂಡರಿ ಕುರಿಗಾರರ ಮನೆಯವನು. ದೀಪಾವಳಿ ಮುಗಿದ ಮೇಲೆ ಅವನ ತಂದೆತಾಯಿ ಕುರಿ ಹಿಂಡು ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದರು. ಹೊಲದಿಂದ ಹೊಲಕ್ಕೆ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸುತ್ತ ಸುತ್ತಿ, ಮೊದಲ ಮಳೆಗೆ ವಾಪಸು ಬರುವುದು ಅವರ ರೂಢಿ. ಹುಡುಗನನ್ನು ಈ ಸಲ ಅಜ್ಜಿ ಜಿಜಾಬಾಯಿಯ ಹತ್ತಿರ ಬಿಟ್ಟಿದ್ದರು. ಅಂಗನವಾಡಿಯಲ್ಲಿ ಅವನು ಅಳುತ್ತಿರಲಿಲ್ಲ, ಆಡುತ್ತಲೂ ಇರಲಿಲ್ಲ. ಗೋಡೆ ಹಿಡಿದು ಕೂರುವನು. ತಟ್ಟೆ ಇಟ್ಟರೆ ನಾಲ್ಕು ಅಗುಳು ಅನ್ನ ಬಾಯಿಗೆ ಹಾಕಿಕೊಂಡು, "ಹೊಟ್ಟಿ ತುಂಬ್ಯಾದ" ಎಂದು ಏಳುವನು.

ದೀಪಾಲಿ ತರಬೇತಿಯಲ್ಲಿ ಕೊಟ್ಟಿದ್ದ ಬಣ್ಣದ ಚಿತ್ರಪಟ ಸುರುಳಿ ಸುತ್ತಿಕೊಂಡು ಜಿಜಾಬಾಯಿಯ ಮನೆಗೆ ಹೋದಳು. ಅಜ್ಜಿ ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು. ಪಂಡರಿ ಅವಳ ತೊಡೆಗೆ ಒರಗಿ ಚಹಾದಲ್ಲಿ ಟೋಸ್ಟು ಅದ್ದಿ ತಿನ್ನುತ್ತಿದ್ದ. ಪಕ್ಕದಲ್ಲಿ ಅರ್ಧ ಮುಗಿದ ಖಾರದ ಕುರುಕಲು ಪಾಕೀಟು.

"ಮುಂಜಾನಿಂದ ಇದು ಎಷ್ಟನೇ ಚಾ ರೀ?"

"ಮೂರನೇದೋ ನಾಕನೇದೋ, ಯಾರು ಎಣಸ್ತಾರವ್ವ? ಅವ್ವ ಅಪ್ಪ ಬಿಟ್ಟು ಹೋಗ್ಯಾರ ಕೂಸಿಗಿ. ಅತ್ತನಂದ್ರ ನನಗ ನೋಡಾಕ ಆಗಂಗಿಲ್ಲ. ಏನು ಬೇಡ್ತಾನ, ಅದು ಕೊಡ್ತೇನಿ. ನಾ ಏನು ಅವಂಗ ಉಪವಾಸ ಕೆಡವೇನೇನು?"

ದೀಪಾಲಿ ಚಿತ್ರಪಟ ಬಿಚ್ಚಿದಳು. ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಹಾಲು, ಹಣ್ಣು ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು. "ಚಾ ಟೋಸ್ಟಿನಿಂದ ಹೊಟ್ಟಿ ತುಂಬ್ತದರಿ, ಮೈಗಿ ಏನೂ ಹತ್ತಂಗಿಲ್ಲ. ಹೊಟ್ಟಿ ತುಂಬಿದ ಮ್ಯಾಲ ಅವ ಅಂಗನವಾಡ್ಯಾಗ ಏನು ಉಂಡಾನ? ಮೌಶಿ ಮಾಡಿದ್ದು ತಿನ್ನು ಅಂತ ನೀವೂ ಜರಾ ಹೇಳ್ರಿ."

ಜಿಜಾಬಾಯಿ ಉಣ್ಣೆಯಿಂದ ಕೈ ತೆಗೆದಳು. "ನನಗ ಹೇಳಾಕ ಬಂದೀಯಲ್ಲ, ನಿಮ್ಮ ಅತ್ತಿಗಿ ಕೇಳಿ ಬಂದೀ ಏನು? ನಿನ್ನ ಗಂಡ ಅಶೋಕ ಇಷ್ಟು ಸಣ್ಣವ ಇದ್ದಾಗ, ಸುಗಂಧಾನ ಕೈಯಿಂದು ಉಣಬ್ಯಾಡ ಅಂತ ಯಶೋದಾಬಾಯಿ ಮನಿಯಿಂದ ಡಬ್ಬಿ ಕಟ್ಟಿ ಕಳಸ್ತಿದ್ಳು. ಅಕಿ ಒಬ್ಬಾಕಿ ಅಲ್ಲ, ನಾವೆಲ್ಲಾ ಕಳಸ್ತಿದ್ದೆವು. ಆವಾಗ ಯಾರಿಗೂ ಈ ಕಾಳು, ಸೊಪ್ಪು ನೆಪ್ಪಾಗಲಿಲ್ಲ."

ಅಜ್ಜಿಯ ಮಾತಿನಲ್ಲಿ ಕುಹಕವಿರಲಿಲ್ಲ, ನಡೆದದ್ದನ್ನು ಹೇಳಿದ್ದಳು. ದೀಪಾಲಿ ಚಿತ್ರಪಟ ಸುತ್ತಿಕೊಂಡು ಎದ್ದಳು. ಮೂರು ವರ್ಷ ಆ ಮನೆಯಲ್ಲಿ ಉಂಡು ಮಲಗಿದರೂ ಈ ಸುದ್ದಿ ಅವಳ ಕಿವಿಗೆ ಬಿದ್ದಿರಲಿಲ್ಲ. ದಿನವೂ ಪಕ್ಕದಲ್ಲೇ ಕೂತು ಕೆಲಸ ಮಾಡುವ ಸುಗಂಧಾ ಸಹ ಹೇಳಿರಲಿಲ್ಲ.

ಮರುದಿನ ಮಕ್ಕಳು ಬರುವ ಮುಂಚೆ ಅಂಗನವಾಡಿಯ ಹಿಂದಿನ ಮೆಟ್ಟಿಲ ಮೇಲೆ ಸುಗಂಧಾ ನುಗ್ಗೆ ಸೊಪ್ಪು ಬಿಡಿಸುತ್ತಿದ್ದಳು. ದೀಪಾಲಿ ಎದುರಿಗೆ ಕೂತು ತಾನೂ ಒಂದು ಕಡ್ಡಿ ಎತ್ತಿಕೊಂಡು ಕೇಳಿಯೇಬಿಟ್ಟಳು. "ಆ ಡಬ್ಬಿ ಮಾತು ಖರೆ ಏನ್ರಿ ಮೌಶಿ?"

"ಖರೆ. ಇಪ್ಪತ್ನಾಕು ಹುಡುಗರಿದ್ವು ಆವಾಗ. ನಮ್ಮ ಓಣಿಯವು ಎಂಟು ನಾ ಮಾಡಿದ್ದು ಉಣ್ತಿದ್ವು. ಉಳಿದ ಹದಿನಾರಕ್ಕ ಮನಿಯಿಂದ ಡಬ್ಬಿ. ಹನ್ನೊಂದು ತಿಂಗಳು ನಡೀತು."

"ನಿಮಗ ಸಿಟ್ಟು ಬರಲಿಲ್ಲೇನ್ರಿ?"

"ಬರಲಾರದ ಇರ್ತದೇನು? ನಮ್ಮ ಮನಿಯವ ಅಂದ, ಬಿಟ್ಟುಬಿಡು, ಹೊಲದ ಕೂಲಿ ಏನು ಓಡಿ ಹೋಗ್ಯಾದ ಅಂತ. ನಾ ಬಿಡಲಿಲ್ಲ."

"ಯಾಕ್ರಿ?"

ಸುಗಂಧಾ ಬಿಡಿಸಿದ ಸೊಪ್ಪನ್ನು ಬುಟ್ಟಿಯಲ್ಲಿ ಒತ್ತಿ, ಇನ್ನೊಂದು ಕಡ್ಡಿ ಎತ್ತಿಕೊಂಡಳು. ಆಮೇಲೆ ಮಗಳು ರತ್ನಮಾಲಾಳ ಕಥೆ ಹೇಳಿದಳು.

ರತ್ನಮಾಲಾ ಎರಡೂವರೆ ವರ್ಷದವಳಿದ್ದಾಗಿನ ಮಾತು. ಬಹಳ ಒಳ್ಳೆಯ ಕೂಸು ಎಂದು ಓಣಿಯಲ್ಲೆಲ್ಲ ಹೆಸರು. ದೀಪ ಹಚ್ಚುವ ಹೊತ್ತಾಯಿತೆಂದರೆ ಆಟ ನಿಲ್ಲಿಸಿ ಒಂದು ಕಡೆ ಕೂತುಬಿಡುತ್ತಿತ್ತು. ಕೂತಲ್ಲಿಂದ ಅಲುಗುತ್ತಿರಲಿಲ್ಲ. ಬೇರೆ ಮಕ್ಕಳು ಸಂಜೆಗೆ ಕಾಲಿಗೆ ತೊಡರಿ ರೊಟ್ಟಿ ಬಡಿಯಲು ಬಿಡದಿದ್ದರೆ ಸುಗಂಧಾಳ ಮಗಳು ಗೋಡೆಗೆ ಒರಗಿ ಶಾಂತವಾಗಿರುವಳು. ತಾಯಿಗೆ ಅದೇ ಹೆಮ್ಮೆ. ಒಂದು ಸಂಜೆ ಧಮ್ಮಪಾಲ ಪೇಟೆಯಿಂದ ಮೋಸಂಬಿ ತಂದು, ಆಟಕ್ಕೆಂದು ನೆಲದ ಮೇಲೆ ಮಗಳ ಕಡೆ ಉರುಳಿಸಿದ. ಹಣ್ಣು ಹೋಗಿ ಅವಳ ಕಾಲಿನ ಪಕ್ಕ ನಿಂತಿತು. ಕೂಸು ಎರಡೂ ಕೈ ಚಾಚಿ ನೆಲ ತಡವತೊಡಗಿತು. ಆ ಕಡೆ, ಈ ಕಡೆ. ಹಣ್ಣು ಕಣ್ಣೆದುರಿಗೇ ಇತ್ತು.

"ಆವಾಗ ತಿಳೀತು ಟೀಚರ್. ಅದು ಶಾಣ್ಯಾ ಕೂಸಾಗಿ ಕುಂದ್ರತಿದ್ದಿಲ್ಲ. ಅದಕ್ಕ ಕಾಣ್ತಿದ್ದಿಲ್ಲ."

ಹುಮನಾಬಾದಿನ ದವಾಖಾನೆಯ ಸಿಸ್ಟರು ಚಮಚದಲ್ಲಿ ಎಣ್ಣೆಯಂಥ ಔಷಧಿ ಕುಡಿಸಿದರು. ಮನೆಯಲ್ಲಿ ಏನು ಉಣ್ಣಿಸುತ್ತಿ ಎಂದು ಕೇಳಿದರು. ಜೋಳದ ಗಂಜಿ, ಬೆಲ್ಲದ ಚಹಾ ಎಂದಳು ಸುಗಂಧಾ. ಸೊಪ್ಪು? ಸೊಪ್ಪು ಸಣ್ಣವರಿಗೆ ಯಾರು ಕೊಡುತ್ತಾರೆ ಎಂದಳು. ಮನೆಯ ಹತ್ತಿರ ನುಗ್ಗೆ ಗಿಡ ಇದೆಯೇ ಎಂದು ಸಿಸ್ಟರು ಕೇಳಿದರು. ಗಿಡ ಗೋಡೆಗೆ ಹತ್ತಿಕೊಂಡೇ ಇತ್ತು. ಕಾಯಿ ಸಾರಿಗೆ ಹಾಕಿ ಸೊಪ್ಪನ್ನು ಪಕ್ಕದ ಮನೆಯ ಆಡಿಗೆ ಎಸೆಯುತ್ತಿದ್ದಳು.

"ಆಡಿಗಿ ಹಾಕಿದ್ದೆ, ನನ್ನ ಮಗಳಿಗಿ ಹಾಕಿದ್ದಿಲ್ಲ. ಔಷಧದಿಂದ ಕಣ್ಣು ಬರ್ತದ, ಸೊಪ್ಪು ತಿಂದ್ರ ಉಳೀತದ ಅಂದ್ರು ಸಿಸ್ಟರು. ನಾಕನೇ ದಿನ ಸಂಜಿಮುಂದ ರೊಟ್ಟಿ ಬಡ್ಯಾಕತ್ತಿದ್ದೆ. ಕೂಸು ತಾನೇ ಎದ್ದು ಒಂದು ಕೋಳಿ ಹಿಂದ ಓಡಿತು. ಹೊರಗ ಕತ್ತಲಾಗಿತ್ತು. ನಾ ರೊಟ್ಟಿ ಹೊತ್ತಿದ್ದು ನೋಡಲಿಲ್ಲ."

ಆ ರತ್ನಮಾಲಾ ಈಗ ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಪಟ್ಟಿಯ ಮೇಲೆ ಸರಿದು ಹೋಗುವ ಸಾವಿರಾರು ಮಾತ್ರೆಗಳಲ್ಲಿ ಅಂಚು ಮುರಿದದ್ದನ್ನು ಕಣ್ಣಿನಲ್ಲೇ ಹೆಕ್ಕಿ ತೆಗೆಯುವ ಕೆಲಸ. ಅದನ್ನು ಹೇಳುವಾಗ ಸುಗಂಧಾಳ ದನಿ ಸಣ್ಣದಾಯಿತು. ಮೂವತ್ತನಾಲ್ಕು ವರ್ಷದ ಹಿಂದಿನ ಆ ಅಚ್ಚರಿ ಅವಳಲ್ಲಿ ಇನ್ನೂ ಆರಿರಲಿಲ್ಲ. ಗೋಡೆ ಪಕ್ಕದ ಸೊಪ್ಪು ಒಂದು ಜೀವಕ್ಕೆ ಬೆಳಕಾಗುತ್ತದೆ ಎಂಬುದನ್ನು ಅವಳು ಪುಸ್ತಕದಲ್ಲಿ ಓದಿರಲಿಲ್ಲ, ತನ್ನ ಮನೆಯ ಹೊಸ್ತಿಲಲ್ಲಿ ಕಂಡಿದ್ದಳು. ದೀಪಾಲಿ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದಳು. ಇಷ್ಟಿಷ್ಟೇ ಎಲೆ. ಜೀವಸತ್ವ 'ಎ' ಎಂದು ತಾನು ಪರೀಕ್ಷೆಗೆ ಉರುಹೊಡೆದದ್ದು ಇದನ್ನೇ ಎಂದು ಮೊದಲ ಸಲ ಮನಸ್ಸಿಗೆ ಬಂತು.

"ಅದಕ್ಕ ಬಿಡಲಿಲ್ಲ," ಎಂದಳು ಸುಗಂಧಾ. "ನನಗ ಗೊತ್ತಿದ್ದಿಲ್ಲ, ನನ್ನ ಕೂಸಿನ ಕಣ್ಣು ಹೋಗ್ತಿತ್ತು. ಗೊತ್ತಾದ ಮ್ಯಾಲ ಬ್ಯಾರೇರ ಹುಡುಗರು ಬರೇ ಸಕ್ರಿ ರೊಟ್ಟಿ ತಿನ್ನೂದು ನೋಡಿ ಹ್ಯಾಂಗ ಸುಮ್ಮ ಕುಂದ್ರಲಿ? ಡಬ್ಬಿ ತರ್ಲಿ, ತರಬ್ಯಾಡ ಅನಲಿಲ್ಲ. ಒಂದೇ ಮಾತು ಅಂದೆ. ಉಣ್ಣೂದು ಬಿಡೂದು ನಿಮ್ಮ ಮನಿ ಮಾತು, ಕುಂದ್ರಿಸೂದು ನನ್ನ ಮಾತು. ಎಲ್ಲಾ ಹುಡುಗರೂ ಒಂದೇ ಪಂಕ್ತಿ."

ಆ ದಿನ ಸಂಜೆ ಯಶೋದಾಬಾಯಿ ಪಡಸಾಲೆಯಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದಳು. ಅತ್ತೆಯ ಹತ್ತಿರ ಇಂಥ ಮಾತು ಕೇಳುವುದು ಸುಲಭವಲ್ಲ. ದೀಪಾಲಿ ಪಕ್ಕದಲ್ಲಿ ಕೂತು, ಬೇಳೆಯಲ್ಲಿ ಕೈಯಾಡಿಸುತ್ತ, "ಅತ್ತಿ, ಇವರು ಸಣ್ಣವರಿದ್ದಾಗ ಅಂಗನವಾಡಿಗಿ ಡಬ್ಬಿ ಒಯ್ತಿದ್ರಂತ, ಹೌದೇನ್ರಿ?" ಎಂದಳು.

ಯಶೋದಾಬಾಯಿಯ ಬೆರಳು ನಿಂತಿತು. "ಯಾರು ಹೇಳಿದ್ರು, ಸುಗಂಧಾನ?"

"ಇಲ್ರಿ. ಜಿಜಾ ಅಜ್ಜಿ."

"ಹೂಂ." ಅತ್ತೆ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ಕಟ್ಟತಿದ್ದೆ. ಆವಾಗ ಎಲ್ಲಾರೂ ಹಂಗೇ ಇದ್ದೆವು. ಅಶೋಕ ಡಬ್ಬಿ ಹಂಗೇ ವಾಪಸ್ ತರ್ತಿದ್ದ. ಮನ್ಯಾಗೂ ಉಣ್ತಿದ್ದಿಲ್ಲ. ಹಸರು ಕಾಳಿನ ಉಸಳಿ ಬೇಕು, ಮೌಶಿದು ಬೇಕು ಅಂತ ಹಟ. ಅಕಿ ಏನು ಹಾಕಿ ಮಾಡ್ತಾಳ, ಕೇಳೇ ಬರ್ತೇನಿ ಅಂತ ಒಂದಿನ ಸಿಟ್ಟಿಲೆ ಹೋದೆ. ಕಿಡಕ್ಯಾಗ ನಿಂತು ನೋಡಿದೆ. ನಿನ್ನ ಗಂಡ ಆಮ್ರಪಾಲಿ ಅಂತ ಅವರ ಓಣಿ ಹುಡುಗಿ ತಾಟಿನ್ಯಾಗಿಂದ ಒಂದೊಂದೇ ಕಾಳು ತಕ್ಕೊಂಡು ತಿನ್ನಾಕತ್ತಿದ್ದ. ಆ ಹುಡುಗಿ ಇವನ ಬೆಲ್ಲದ ಚಪಾತಿ ಮುರಕೊಂಡಿತ್ತು."

"ಆಮ್ಯಾಲ್ರಿ?"

"ಸುಗಂಧಾ ಪಂಕ್ತಿ ತುದಿಗಿ ತಾನೂ ತಾಟು ಇಟ್ಕೊಂಡು ಕುಂತಿದ್ಳು. ನನ್ನ ನೋಡಿದ್ಳು. ಹೆದರಲಿಲ್ಲ, ಎದ್ದು ಬರಲಿಲ್ಲ. ಒಂದು ತುತ್ತು ತಗೊಂಡು ಅಗದ್ಳು. ಹುಡುಗರು ಅಕಿ ಬಾಯಿ ನೋಡಿ ತಾವೂ ಒಂದು ತುತ್ತು ತಗೊಂಡ್ವು. ಮತ್ತೊಂದು ತಗೊಂಡ್ಳು, ಅವೂ ತಗೊಂಡ್ವು. ಉಣ್ಣು ಅನ್ನೂ ಮಾತು ಒಮ್ಮಿನೂ ಅಕಿ ಬಾಯಿಂದ ಬರಲಿಲ್ಲ. ಮನ್ಯಾಗ ಒಬ್ಬನ್ನ ಉಣಿಸೂದರಾಗ ನಾ ಹೈರಾಣ ಆಗ್ತಿದ್ದೆ. ಅಲ್ಲಿ ಅಷ್ಟು ಹುಡುಗರು ಸುಮ್ಮ ಉಣ್ಣಾಕತ್ತಿದ್ವು. ಊಟ ಮುಗಿಯೂತನಕ ಅಲ್ಲೇ ನಿಂತು ನೋಡಿದೆ."

ಯಶೋದಾಬಾಯಿ ಮೊರ ಕೊಡವಿ ಹೊಟ್ಟು ತೂರಿದಳು. "ಮರುದಿನ ಡಬ್ಬಿ ಕಟ್ಟಲಿಲ್ಲ. ನನ್ನ ನೋಡಿ ಉಳಿದವರೂ ಬಿಟ್ರು."

"ಮೌಶಿಗಿ ಏನಾರ ಅಂದ್ರೇನ್ರಿ?"

"ಇಲ್ಲ." ಅತ್ತೆಯ ಮುಖ ಬೇಳೆಯ ಕಡೆಗೇ ಇತ್ತು. "ಅನಬೇಕಿತ್ತು. ಇಷ್ಟು ವರ್ಷ ಆತು, ಇನ್ನೂ ಅಂದಿಲ್ಲ."

ಒಂದು ಊರು ಭಾಷಣಕ್ಕೆ, ಕಾನೂನಿಗೆ ಬಗ್ಗದಿದ್ದಾಗ ಒಬ್ಬ ಹೆಂಗಸು ತಟ್ಟೆ ಮುಂದಿಟ್ಟುಕೊಂಡು ತುತ್ತು ಅಗಿದು ಬಗ್ಗಿಸಿದ್ದಳು. ಆ ತುತ್ತು ಅವಳಿಗೆ ಎಷ್ಟು ಕಹಿಯಾಗಿರಬೇಕು ಎಂದು ಯೋಚಿಸುತ್ತ ದೀಪಾಲಿ ಆರಿಸಿದ ಬೇಳೆಯನ್ನೇ ಮತ್ತೆ ಆರಿಸಿದಳು.

ಎರಡು ದಿನ ಬಿಟ್ಟು ಸುಗಂಧಾ ತಾನಾಗಿಯೇ, "ನಡೀರಿ, ಜಿಜಾಕ್ಕನ ಮನಿಗಿ ಹೋಗಿ ಬರೂಣು. ಆ ಚಿತ್ರದ ಕಾಗದ ಇಲ್ಲೇ ಇಡ್ರಿ" ಎಂದಳು.

ಜಿಜಾಬಾಯಿಯ ಅಂಗಳದಲ್ಲಿ ಹಿಂಡಿನ ಜೊತೆ ನಡೆಯಲಾಗದೆ ಉಳಿದ ಎರಡು ಮರಿಗಳನ್ನು ಕಟ್ಟಿತ್ತು. ಸುಗಂಧಾ ಪಂಡರಿಯ ಮಾತೇ ಎತ್ತಲಿಲ್ಲ. ಮರಿಯ ಬೆನ್ನು ಸವರಿ, "ಛಲೋ ಆಗ್ಯಾವಲ್ರಿ ಜಿಜಾಕ್ಕಾ. ತಾಯಿ ಹಾಲು ಬಿಟ್ಟ ಮ್ಯಾಲ ಏನು ಹಾಕ್ತೀರಿ ಇವಕ್ಕ?" ಎಂದಳು.

ಜಿಜಾಬಾಯಿಯ ಮುಖ ಅರಳಿತು. ಅದು ಅವಳ ವಿದ್ಯೆ. "ಮೊದಲ ಎಳೀ ಹುಲ್ಲು. ಜರಾ ಹಲ್ಲು ಬಂದ ಮ್ಯಾಲ ಶೇಂಗಾದ ಹೊಟ್ಟು. ಬನ್ನಿ ತಪ್ಪಲ, ಜಾಲಿ ಕಾಯಿ. ನೆನಸಿದ ಹುಳ್ಳಿ ಒಂದು ಹಿಡಿ, ಅದರಿಂದ ಮೈ ತುಂಬ್ತದ. ಒಂದೇ ಹಾಕಿದ್ರ ನಡ್ಯಂಗಿಲ್ಲ. ನಾಕು ನಮೂನಿ ಮೇಯಬೇಕು."

"ಬರೇ ಜೋಳದ ಒಣ ದಂಟಿನ ಸೊಪ್ಪಿ ಹಾಕಿದ್ರ?"

"ಹೊಟ್ಟಿ ಊದ್ತದ, ಬೆನ್ನೆಲಬು ಏಳ್ತದ. ಮರಿ ಹಂಗೇ ಕುಂತ್ಬಿಡ್ತದ, ಆಡಂಗಿಲ್ಲ. ಅಂಥ ಮರಿ ಮಳಿ ದಾಟಂಗಿಲ್ಲ."

ಸುಗಂಧಾ ಮರಿಯ ಕಿವಿ ಸವರುತ್ತ ಕೂತಳು. ಗೋಡೆಗೆ ಒರಗಿ ಪಂಡರಿ ಕೂತಿದ್ದ, ಕೈಯಲ್ಲಿ ಟೋಸ್ಟು. ಜಿಜಾಬಾಯಿಯ ಕಣ್ಣು ಮರಿಯಿಂದ ಮೊಮ್ಮಗನ ಕಡೆ ಹೋಯಿತು. ಅವನ ಹೊಟ್ಟೆ, ಅಂಗಿಯ ಕೊರಳಿನಲ್ಲಿ ಕಾಣುತ್ತಿದ್ದ ಎಲುಬು. ಅವಳು ಅವನ ಹತ್ತಿರ ಸರಿದು ಬೆನ್ನೆಲುಬು ಸವರಿದಳು.

"ಸುಗಂಧಾ," ಎಂದಳು ಕೊನೆಗೆ. "ಏನು ಮಾಡ್ಲಿ ಹೇಳು."

"ಚಾ ನಿಲ್ಲಸ್ರಿ ಅಂದ್ರ ಇವ ಅಳ್ತಾನ, ನಿಮಗೂ ತ್ರಾಸು. ಮುಂಜಾನಿದು ಒಂದು ಚಾ ಬದಲಿ ಹಾಲು ಕೊಡ್ರಿ. ನನ್ನ ಕಡಿಂದ ಮನಿಗಿ ಬರೂತನಕ ಪಾಕೀಟು, ಚಾ ಎರಡೂ ಬ್ಯಾಡ. ಹಸಿವಿ ಆಗ್ಲಿ ಅವಂಗ. ಇಷ್ಟೇ ರೀ ಈಗ."

ಇಡೀ ಮಾತಿಗೆ ಕಾಲು ಗಂಟೆ ಹಿಡಿದಿರಲಿಲ್ಲ. ತಿರುಗಿ ಬರುವಾಗ ದೀಪಾಲಿ ಸುಗಂಧಾಳಿಗಿಂತ ಒಂದು ಹೆಜ್ಜೆ ಹಿಂದೆಯೇ ನಡೆದಳು.

ಮರುದಿನದಿಂದ ಪಂಡರಿಗೆ ಸುಗಂಧಾ ಒಂದು ಕೆಲಸ ಕೊಟ್ಟಳು. ನೆನೆಸಿದ ಹೆಸರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಅವನ ಕೈಗೆ ಕೊಟ್ಟು, ಮೂಲೆಯ ಬುಟ್ಟಿಯಲ್ಲಿ ಇಡಿಸಿದಳು. ಮಾರನೆಯ ದಿನ ಅವನಿಂದಲೇ ಗಂಟು ಬಿಚ್ಚಿಸಿದಳು. ಕಾಳು ಒಡೆದು ಬಿಳಿ ಮೊಳಕೆ ಇಣುಕಿತ್ತು. ಹುಡುಗ ಬಹಳ ಹೊತ್ತು ನೋಡಿದ.

"ಬಾಲ ಬಂದಾವ," ಎಂದ. ಅಂಗನವಾಡಿಯಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು.

"ಹೌದು, ಮರಿ ಆಗ್ಯಾವ. ನೀ ಕಾಯ್ತೀಯೇನು ಇವಕ್ಕ?"

"ಕಾಯ್ತೀನಿ."

ಅಂದಿನಿಂದ ಅವನ ತಟ್ಟೆಯಲ್ಲಿ ಅನ್ನದ ಪಕ್ಕಕ್ಕೆ ಮೂರೇ ಮೂರು ಬೇಯಿಸಿದ ಮೊಳಕೆ ಕಾಳು ಬೀಳತೊಡಗಿದವು. ಅವನು ಅವನ್ನು ಬೆರಳಿನಿಂದ ಅಂಚಿಗೆ ನೂಕುವನು. ಸುಗಂಧಾ ನೋಡಿಯೂ ನೋಡದಂತೆ ತನ್ನ ತುತ್ತು ತಿನ್ನುವಳು. ಮರುದಿನ ಮತ್ತೆ ಮೂರು. ದೀಪಾಲಿ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತ ಹೋದಳು. ಐದನೆಯ ದಿನ ಅವಳ ತಾಳ್ಮೆ ಕೆಟ್ಟಿತು. ಪಕ್ಕದಲ್ಲಿ ಕೂತು, "ಒಂದೇ ಒಂದು ತಿನ್ನು ರಾಜಾ" ಎಂದು ಅವನ ತುಟಿಗೆ ಕಾಳು ಒತ್ತಿದಳು. ಹುಡುಗ ಹಲ್ಲು ಕಚ್ಚಿ ಮುಖ ತಿರುಗಿಸಿದ. ಆ ದಿನ ಅನ್ನವನ್ನೂ ಮುಟ್ಟಲಿಲ್ಲ, ಮರುದಿನವೂ ಇಲ್ಲ.

ಸುಗಂಧಾ ಮಕ್ಕಳೆಲ್ಲ ಹೋದ ಮೇಲೆ ಸರಿಯಾಗಿ ಬೈದಳು. "ಕಲಿತವರು ನೀವು. ಬಾಯಿ ಅವಂದು, ಅವನೇ ತೆಗೀಬೇಕು. ನೀವು ಒದ್ದು ತೆಗೆದ್ರ ಒಳಗಿಂದ ಅಗಳಿ ಹಾಕ್ಕೋತಾನ. ಎರಡು ದಿನ ಹಾಳು ಮಾಡಿದ್ರಿ."

ದೀಪಾಲಿ ತಪ್ಪೊಪ್ಪಿಕೊಂಡಳು. ಗೀಟುಗಳು ಬೆಳೆದವು. ಎಂಟನೆಯ ದಿನ ಪಂಡರಿ ಒಂದು ಕಾಳನ್ನು ಎತ್ತಿ ಮೂಸಿದ. ಹನ್ನೊಂದನೆಯ ದಿನ ನಾಲಿಗೆಗೆ ಮುಟ್ಟಿಸಿ ಕೆಳಗಿಟ್ಟ. ಹದಿಮೂರಕ್ಕೆ ಬಾಯಿಗೆ ಹಾಕಿ ಉಗುಳಿದ. ಪಕ್ಕದ ಹುಡುಗಿ 'ಛೀ' ಎನ್ನಲು ಹೋದಾಗ ಸುಗಂಧಾ ಕಣ್ಣಿನಲ್ಲೇ ತಡೆದಳು. ಹದಿನೇಳನೆಯ ದಿನ ಪಂಕ್ತಿಯಲ್ಲಿ ಎಲ್ಲರೂ ಉಣ್ಣುತ್ತಿದ್ದಾಗ ಪಂಡರಿ ಒಂದು ಕಾಳು ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿದು, ನುಂಗಿದ. ಸುತ್ತ ನೋಡಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಶಾಣ್ಯಾ ಎನ್ನಲಿಲ್ಲ. ಅದು ಸುಗಂಧಾಳ ಕಟ್ಟಪ್ಪಣೆ. ಅವನು ಎರಡನೆಯದನ್ನೂ ತಿಂದ. ಮೂರನೆಯದನ್ನೂ. ಆಮೇಲೆ ಖಾಲಿ ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ಸುಗಂಧಾಳ ಕಡೆ ನೋಡಿದ.

ದೀಪಾಲಿ ಹದಿನೇಳನೆಯ ಗೀಟು ಎಳೆದಳು. ಮಗು ಒಂದು ಹೊಸ ತಿನಿಸನ್ನು ಒಪ್ಪಲು ಹತ್ತು ಹದಿನೈದು ಸಲ ಅದನ್ನು ಮುಂದಿಡಬೇಕಾಗಬಹುದು ಎಂದು ತರಬೇತಿಯ ಪುಸ್ತಕದಲ್ಲಿತ್ತು. ಆ ಸಾಲಿಗೆ ಅವಳು ಅಡಿಗೆರೆ ಹಾಕಿದ್ದಳು. ಆದರೆ ಆ ಹದಿನೈದು ದಿನ ಹೇಗಿರುತ್ತವೆ, ಅಷ್ಟು ದಿನ ಸುಮ್ಮನಿರುವುದಕ್ಕೆ ಎಂಥ ಎದೆ ಬೇಕು ಎಂಬುದು ಅಡಿಗೆರೆಯಲ್ಲಿ ಇರಲಿಲ್ಲ.

ಆಮೇಲೆ ದಾರಿ ತೆರೆಯಿತು. ಯುಗಾದಿ ಹೊತ್ತಿಗೆ ಮೊಟ್ಟೆಯ ಬಿಳಿ ಭಾಗ, ಇನ್ನೊಂದು ವಾರಕ್ಕೆ ಹಳದಿಯೂ ಹೊಟ್ಟೆಗೆ ಹೋಯಿತು. ಬೇಳೆಯಲ್ಲಿ ಬೆಂದ ನುಗ್ಗೆ ಸೊಪ್ಪನ್ನು ಮೊದಲು ಎಳೆ ಎಳೆಯಾಗಿ ಹೆಕ್ಕಿ ಹೊರಗಿಡುತ್ತಿದ್ದವನು ಕ್ರಮೇಣ ಹೆಕ್ಕುವುದಕ್ಕೆ ಬೇಸರ ಬಂದು ತಿಂದ. ಬದನೆಕಾಯಿಯನ್ನು ಮಾತ್ರ ಮುಟ್ಟಲಿಲ್ಲ. "ನಾನೂ ತಿನ್ನಂಗಿಲ್ಲ, ಬಿಡ್ರಿ" ಎಂದಳು ಸುಗಂಧಾ. ಬೇಸಿಗೆ ರಜೆಯ ದಿನಗಳಲ್ಲಿ ಜಿಜಾಬಾಯಿ ತಾನೇ ಹೆಸರು ನೆನೆಸಿ ಕಟ್ಟಿದಳು, ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಕೊಟ್ಟಳು, ಹುರಿದ ಶೇಂಗಾ ಪುಡಿಮಾಡಿ ಬೆಲ್ಲದ ಜೊತೆ ಉಂಡೆ ಕಟ್ಟಿದಳು. ಒಂದು ದಿನ ಬಂದು, "ನಿನ್ನೆ ಇವ ಮರಿ ಜೋಡಿ ಜಗಳಾಡಿದ" ಎಂದು ಸುದ್ದಿ ಹೇಳಿ ಹೋದಳು. ಜಗಳಾಡುವಷ್ಟು ತ್ರಾಣ ಬಂದಿದೆ ಎಂಬುದೇ ಸುದ್ದಿ.

ಮಾರ್ಚಿನಲ್ಲಿ ಹನ್ನೊಂದೂವರೆ ಕಿಲೋ. ಏಪ್ರಿಲಿನಲ್ಲಿ ಹನ್ನೆರಡು. ಜೂನ್ ಮೊದಲ ವಾರ ಹನ್ನೆರಡು ಕಿಲೋ ಆರುನೂರು. ಬಣ್ಣದ ಪಟ್ಟಿ ಹಸಿರಿಗೆ ಬಂದಿತ್ತು. ದೀಪಾಲಿ ಆ ಅಂಕಿಯನ್ನು ಫೋನಿನಲ್ಲಿ ತುಂಬುತ್ತಿದ್ದಾಗಲೇ ಊರ ಹೊರಗಿಂದ ಕುರಿಗಳ ಸದ್ದು ಕೇಳಿಸಿತು. ರಾತ್ರಿ ಮೊದಲ ಮಳೆ ಬಿದ್ದಿತ್ತು, ಹಿಂಡುಗಳು ತಿರುಗಿ ಬರುವ ದಿನಗಳು.

ಸ್ವಲ್ಪ ಹೊತ್ತಿಗೆ ಪಂಡರಿಯ ತಾಯಿ ಮುಕ್ತಾಬಾಯಿ ಅಂಗನವಾಡಿಯ ಬಾಗಿಲಿಗೆ ಬಂದಳು. ಕಾಲಿಗೆ ಮೊಣಕಾಲತನಕ ಕೆಸರು, ತಲೆಯ ಮೇಲೆ ಇನ್ನೂ ಇಳಿಸದ ಗಂಟು. ಏಳು ತಿಂಗಳು ಮಗನನ್ನು ನೋಡಿರಲಿಲ್ಲ. ಪಂಡರಿ ಆಟದ ಗುಂಪಿನಿಂದ ತಲೆಯೆತ್ತಿ ನೋಡಿದ, ಗುರುತಿಸಿದ, ಓಡಿದ. ಮುಕ್ತಾಬಾಯಿ ಗಂಟನ್ನು ನೆಲಕ್ಕಿಟ್ಟು, ಬಗ್ಗಿ, ಬಿಟ್ಟು ಹೋದಾಗಿನ ಮಗನನ್ನು ಎತ್ತುವ ಹಾಗೆ ಎರಡು ಕೈ ಹಾಕಿದಳು. ಹುಡುಗ ಮೇಲೇಳಲಿಲ್ಲ. ಅವಳೇ ಅರೆಗಳಿಗೆ ತಬ್ಬಿಬ್ಬಾದಳು. ಕಾಲು ಅಗಲಿಸಿ ಗಟ್ಟಿ ನಿಂತು, ಮತ್ತೆ ಕೈ ಹಾಕಿ, ಸೊಂಟದ ಬಲವನ್ನೆಲ್ಲ ಕೊಟ್ಟು ಎತ್ತಿ ಎದೆಗೆ ತಂದುಕೊಂಡಳು.

"ಭಾರ ಆಗ್ಯಾನ," ಎಂದಳು. ದೀಪಾಲಿಯ ಕಡೆ ತಿರುಗಿ, ಸುಗಂಧಾಳ ಕಡೆ ತಿರುಗಿ, ಮತ್ತೆ ಅದೇ ಮಾತು ಹೇಳಿದಳು. "ಬಾಳ ಭಾರ ಆಗ್ಯಾನ್ರಿ."

ದೀಪಾಲಿ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟಳು. ಐದು ತಿಂಗಳಲ್ಲಿ ಏರಿದ ಒಂದು ಕಿಲೋ ಆರುನೂರು ಗ್ರಾಮಿನ ಭಾರವನ್ನು ತಾಯಿಯ ಕೈ ಹೀಗೆ ತೂಗಿ ತೋರಿಸಿತ್ತು.

ಸುಗಂಧಾ ಒಲೆಯ ಮುಂದಿನಿಂದ ಇಣುಕಿ, "ಒಳಗ ಬರ್ರಿ, ಕೆಸರಾದ್ರೂ ಆಗ್ಲಿ. ನೀರು ಕುಡೀರಿ. ಎಷ್ಟು ದೂರದಿಂದ ಬಂದೀರಿ" ಎಂದು ಕರೆದು, ಉಕ್ಕುತ್ತಿದ್ದ ಹಾಲಿನ ಕಡೆ ತಿರುಗಿದಳು. ಮುಕ್ತಾಬಾಯಿ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ನೀರಿನ ಲೋಟವನ್ನು ಒಂದು ಕೈಯಲ್ಲಿ ಹಿಡಿದಿದ್ದರೂ, ತೊಡೆಯ ಮೇಲಿನ ಹುಡುಗನನ್ನು ಬಹಳ ಹೊತ್ತಿನತನಕ ಕೆಳಗಿಳಿಸಲಿಲ್ಲ.